ದೂರದ ಹಾರಾಟ, ಚಿಕ್ಕ ರನ್‌ವೇ: ಫಾಲ್ಕನ್ ಬಿಸಿನೆಸ್ ಜೆಟ್‌ಗಳ ಬೆಳವಣಿಗೆ

(ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಬಂದ ಪುನರುಕ್ತಿಗಳನ್ನು ಮಾತ್ರ ತೆಗೆಯಲಾಗಿದೆ.)

ಮಾನ್ಯರೇ,

ವಿಮಾನ ನಿಲ್ದಾಣವೇ ಇಲ್ಲದ ಊರಿನಲ್ಲಿ ಬಿಸಿನೆಸ್ ಜೆಟ್‌ಗಳ, ಅಂದರೆ ಕಂಪನಿಗಳೂ ಧನಿಕರೂ ಸ್ವಂತ ಓಡಾಟಕ್ಕೆ ಬಳಸುವ ಜೆಟ್ ವಿಮಾನಗಳ ಬಗ್ಗೆ ಉಪನ್ಯಾಸವೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ನಮ್ಮಲ್ಲಿ ಹಾರಬೇಕಾದವರು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕು, ಇಲ್ಲವೇ ಹೆದ್ದಾರಿ ಹಿಡಿದು ಬೆಂಗಳೂರು ಸೇರಬೇಕು. ಈ ಬಗೆಯ ವಿಮಾನಗಳು ಹುಟ್ಟಿಕೊಂಡದ್ದು ಇಂಥ ಊರುಗಳ ಕಾರಣದಿಂದಲೇ. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಯ ಸುಮಾರು ಐದು ಸಾವಿರ ನಿಲ್ದಾಣಗಳಿದ್ದರೆ, ಟಿಕೆಟ್ ಕೊಂಡು ಹತ್ತುವ ವಿಮಾನಗಳು ಹೋಗುವುದು ಅವುಗಳಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಮಾತ್ರ. ಉಳಿದವುಗಳ ರನ್‌ವೇಗಳು ಚಿಕ್ಕವು. ಆ ಚಿಕ್ಕ ರನ್‌ವೇಗಳಲ್ಲಿ ಇಳಿಯಬೇಕು, ಅಲ್ಲಿಂದ ಎದ್ದು ಸಾಗರವನ್ನೂ ದಾಟಬೇಕು ಎಂಬ ಎರಡು ಬೇಡಿಕೆಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಫ್ರಾನ್ಸಿನ ದಸ್ಸೋ ಕಂಪನಿಯ ಫಾಲ್ಕನ್ ವಿಮಾನಗಳು ಅರವತ್ತು ವರ್ಷಗಳಿಂದ ಈ ಜಗಳವನ್ನು ಹೇಗೆ ಬಗೆಹರಿಸುತ್ತ ಬಂದಿವೆ ಎಂಬುದಷ್ಟೇ ನನ್ನ ಇಂದಿನ ವಿಷಯ. ಒಳಗಿನ ಚರ್ಮದ ಕುರ್ಚಿಗಳು, ಮಲಗುವ ಹಾಸಿಗೆಗಳು ಮುಂತಾದವು ನನ್ನ ಆಸಕ್ತಿಯ ವಿಷಯಗಳಲ್ಲ. ಕಂಪನಿಗಳ ಜಾಹೀರಾತುಗಳಲ್ಲಿ ಅವು ಬೇಕಾದಷ್ಟು ಸಿಗುತ್ತವೆ.

ಜಗಳ ಏನೆಂಬುದನ್ನು ಮೊದಲು ನೋಡೋಣ. ಇಲ್ಲಿಂದ ದೂರವಿಲ್ಲದ ಚಳ್ಳಕೆರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. ಇಸ್ರೋ ತನ್ನ ಮರುಬಳಕೆಯ ವಾಹನವನ್ನು 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಇಳಿಸಿದ್ದು ಅಲ್ಲಿನ ರನ್‌ವೇ ಮೇಲೆ. 2024ರ ಜೂನ್ 23ರಂದು ನಡೆದ ಮೂರನೆಯ ಪ್ರಯೋಗದಲ್ಲಿ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು; ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿ.ಮೀ. ದಾಟಿತ್ತು. ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡು ಆ ವೇಗವನ್ನು ನೂರರ ಹತ್ತಿರಕ್ಕೆ ತಂದ ಮೇಲೆಯೇ ಚಕ್ರದ ಬ್ರೇಕುಗಳಿಗೆ ಕೆಲಸ. ಸಾಮಾನ್ಯ ಪ್ರಯಾಣಿಕ ವಿಮಾನ ಇಳಿಯುವ ವೇಗ ಸುಮಾರು 260 ಕಿ.ಮೀ. ಎಂದು ಇಸ್ರೋ ಹೋಲಿಕೆಗಾಗಿ ತಿಳಿಸಿತ್ತು. ದಸ್ಸೋದ ಫಾಲ್ಕನ್ 7ಎಕ್ಸ್ ಎಂಬ ಜೆಟ್, ಹನ್ನೊಂದು ಸಾವಿರ ಕಿಲೋಮೀಟರ್ ಹಾರಿ ಬಂದು, ಗಂಟೆಗೆ 200 ಕಿ.ಮೀ.ಗೂ ಕಡಿಮೆ ವೇಗದಲ್ಲಿ ರನ್‌ವೇಯತ್ತ ಇಳಿದು ಬರುತ್ತದೆ.

ವ್ಯತ್ಯಾಸವಿರುವುದು ರೆಕ್ಕೆಯಲ್ಲಿ. ರೆಕ್ಕೆಯ ಮೇಲೆತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕಿಳಿಯುತ್ತದೆ. ಆ ಕೊರತೆಯನ್ನು ರೆಕ್ಕೆಯ ವಿಸ್ತಾರದಿಂದಲೋ ಆಕಾರದಿಂದಲೋ ತುಂಬಿಕೊಳ್ಳಬೇಕು. ಆದರೆ ನಿಧಾನವಾಗಿ ಇಳಿಯಲು ಹೇಳಿ ಮಾಡಿಸಿದ ಅಗಲ ರೆಕ್ಕೆ, ಎತ್ತರದಲ್ಲಿ ಶಬ್ದವೇಗದ ನೂರಕ್ಕೆ ಎಂಬತ್ತರಷ್ಟು ವೇಗದಲ್ಲಿ ಹೋಗುವಾಗ ವಿಮಾನಕ್ಕೆ ಹೊರೆಯಾಗುತ್ತದೆ. ಆದ್ದರಿಂದ ಒಂದೇ ರೆಕ್ಕೆ ಎರಡು ಆಕಾರ ತಳೆಯಬೇಕು: ಇಳಿಯುವಾಗ ಹಿಂಬದಿಯಲ್ಲಿ ಫ್ಲ್ಯಾಪು, ಮುಂಬದಿಯಲ್ಲಿ ಸ್ಲ್ಯಾಟು ಎಂಬ ಫಲಕಗಳು ಹೊರಚಾಚಬೇಕು, ಹಾರುವಾಗ ಅವು ಗುರುತು ಸಿಗದಂತೆ ಒಳಗೆ ಸೇರಬೇಕು. ಯುದ್ಧವಿಮಾನ ಕಟ್ಟುವವರಿಗೆ ಈ ಲೆಕ್ಕ ಹೊಸದೇನಲ್ಲ.

ದಸ್ಸೋ ಯುದ್ಧವಿಮಾನಗಳ ಮನೆ. ಮಾರ್ಸೆಲ್ ದಸ್ಸೋ ಅವರ ಹುಟ್ಟುಹೆಸರು ಮಾರ್ಸೆಲ್ ಬ್ಲಾಕ್. ನಾಜಿಗಳ ಬೂಕನ್‌ವಾಲ್ಡ್ ಶಿಬಿರದಿಂದ ಬದುಕಿ ಬಂದ ಮೇಲೆ ಹೆಸರು ಬದಲಿಸಿಕೊಂಡರು. ಅವರ ಕಾರ್ಖಾನೆಯ ಊರಗಾನ್ ಜೆಟ್ 1950ರ ದಶಕದಲ್ಲಿ ‘ತೂಫಾನಿ’ ಎಂಬ ಹೆಸರಿನಲ್ಲಿ ನಮ್ಮ ವಾಯುಪಡೆಗೆ ಬಂತು. ಆಮೇಲೆ ಮಿಸ್ಟೇರ್, ಮಿರಾಜ್ 2000, ಈಗ ರಫೇಲ್. ಮಿರಾಜ್‌ಗಳ ನವೀಕರಣದಲ್ಲಿ ಬೆಂಗಳೂರಿನ ಎಚ್‌ಎಎಲ್‌ನವರ ಕೈಯೂ ಇದೆ. ಹೀಗಾಗಿ ಫಾಲ್ಕನ್ ಅಪರಿಚಿತರ ಮನೆಯದಲ್ಲ.

ಈ ಕಂಪನಿ ನಾಗರಿಕರಿಗಾಗಿ ಕಟ್ಟಿದ ಮೊದಲ ಜೆಟ್ ಮಿಸ್ಟೇರ್ 20. ಅದು ಬೋರ್ಡೋ ಬಳಿಯ ಮೇರಿನ್ಯಾಕ್‌ನಲ್ಲಿ ಮೊದಲ ಬಾರಿ ಹಾರಿದ್ದು 1963ರ ಮೇ 4ರಂದು. ಅಮೆರಿಕದ ಪ್ಯಾನ್ ಆಮ್ ವಿಮಾನಯಾನ ಕಂಪನಿ ಆಗ ಮಾರಾಟಕ್ಕಾಗಿ ಒಂದು ಚಿಕ್ಕ ಜೆಟ್ಟನ್ನು ಹುಡುಕುತ್ತಿತ್ತು. 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ದಾಟಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಆ ಕಂಪನಿಯ ಸಲಹೆಗಾರರಾಗಿ ಮೇರಿನ್ಯಾಕ್‌ಗೆ ಬಂದಿದ್ದರು. ನಮಗೆ ಬೇಕಾದ ಹಕ್ಕಿ ಸಿಕ್ಕಿತೆಂದು ಅವರು ತಮ್ಮ ಅಧ್ಯಕ್ಷರಿಗೆ ತಂತಿ ಕಳಿಸಿದರೆಂಬುದು ಪ್ರಸಿದ್ಧ ಸಂಗತಿ. ಅದಕ್ಕಿಂತ ಮುಖ್ಯವಾದದ್ದು, ನಲವತ್ತು ವಿಮಾನಗಳ ಬೇಡಿಕೆಯ ಜೊತೆಗೆ ಇನ್ನೂ ನೂರಿಪ್ಪತ್ತನ್ನು ಕೊಳ್ಳುವ ಹಕ್ಕನ್ನು ಕಾಯ್ದಿರಿಸಿಕೊಂಡ ಪ್ಯಾನ್ ಆಮ್ ಮುಂದಿಟ್ಟ ತಿದ್ದುಪಡಿಗಳು: ರೆಕ್ಕೆ ದೊಡ್ಡದಾಗಬೇಕು, ಒಡಲು ಉದ್ದವಾಗಬೇಕು, ಇಂಜಿನ್ ಬದಲಾಗಬೇಕು. ದಸ್ಸೋ ಒಪ್ಪಿತು. ಕೊಳ್ಳುವವನು ಕೇಳಿದ್ದೆಲ್ಲವನ್ನೂ ಮಾಡಿಕೊಟ್ಟು ಕೆಟ್ಟುಹೋದ ವಿಮಾನಗಳು ಬಹಳ ಇವೆ. ಇಲ್ಲಿ ಮಾತ್ರ ಕೊಳ್ಳುವವನಿಗೆ ತನ್ನ ಸಂತೆಯ ಅಳತೆ ಸರಿಯಾಗಿ ಗೊತ್ತಿತ್ತು.

ಬದಲಾದ ಇಂಜಿನ್ನಿನ ಬಗ್ಗೆ ಇಲ್ಲಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಮಾದರಿಯಲ್ಲಿದ್ದ ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್‌ಗಳ ನೂಕುಬಲ ತಲಾ ಸುಮಾರು 1,500 ಕೆ.ಜಿ. ಅದರ ಬದಲು ಜನರಲ್ ಎಲೆಕ್ಟ್ರಿಕ್‌ನ ಸಿಎಫ್700 ಬಂದು ಅದು ಸುಮಾರು 1,900ಕ್ಕೆ ಏರಿತು. ಇದರ ಮೂಲ ಒಂದು ಸೇನಾ ಇಂಜಿನ್. ಅದೇ ಮೂಲದ ಸಿಜೆ610 ಎಂಬ ಇಂಜಿನ್ 1963ರಲ್ಲಿಯೇ ಮೊದಲು ಹಾರಿದ ಅಮೆರಿಕದ ಲಿಯರ್‌ಜೆಟ್‌ನಲ್ಲಿಯೂ ಇತ್ತು. ಇಂದಿನ ಟರ್ಬೋಫ್ಯಾನ್‌ಗಳಲ್ಲಿ, ಅಂದರೆ ಫ್ಯಾನೊಂದು ಗಾಳಿಯನ್ನು ಹಿಂದಕ್ಕೆ ದೂಡುವ ಜೆಟ್ ಇಂಜಿನ್‌ಗಳಲ್ಲಿ, ಫ್ಯಾನು ಮುಂದಿರುತ್ತದೆ, ಟರ್ಬೈನು ಹಿಂದಿರುತ್ತದೆ, ನಡುವೆ ಉದ್ದನೆಯ ಶಾಫ್ಟು. ಸಿಎಫ್700ರಲ್ಲಿ ಫ್ಯಾನು ಇದ್ದದ್ದು ಹಿಂಬದಿಯಲ್ಲಿ, ಮೂಲ ಇಂಜಿನ್ನಿಗೆ ಜೋಡಿಸಿದ, ತನ್ನಷ್ಟಕ್ಕೆ ತಿರುಗುವ ಒಂದು ಚಕ್ರದಲ್ಲಿ. ಆ ಚಕ್ರದ ಒಂದೊಂದು ಅಲಗಿನ ಒಳಭಾಗ ಟರ್ಬೈನು, ಹೊರಭಾಗ ಫ್ಯಾನು. ಒಳಭಾಗಕ್ಕೆ ಇಂಜಿನ್ನಿನ ಬಿಸಿ ಅನಿಲ ಬಡಿದು ಚಕ್ರ ತಿರುಗುತ್ತದೆ, ಹೊರಭಾಗ ತಣ್ಣನೆಯ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ. ಶಾಫ್ಟಿನ ಗೋಜಿಲ್ಲದೆ ಹಳೆಯ ಇಂಜಿನ್ನಿಗೆ ಫ್ಯಾನು ಸಿಕ್ಕಿತು. ಆದರೆ ಒಂದೇ ಅಲಗಿನ ಎರಡು ತುದಿಗಳು ಅಷ್ಟು ಬೇರೆ ಬೇರೆ ಉಷ್ಣತೆಯಲ್ಲಿ ಕೆಲಸ ಮಾಡಬೇಕು, ಬಿಸಿ ಅನಿಲ ಹೊರಭಾಗಕ್ಕೆ ಸೋರಬಾರದು ಎಂದರೆ ಲೋಹ ಮತ್ತು ಸೀಲುಗಳ ಮೇಲೆ ಎಷ್ಟು ಒತ್ತಡ ಬೀಳುತ್ತದೆಂದು ಊಹಿಸಿಕೊಳ್ಳಿ. ಈ ವಿನ್ಯಾಸ ಮುಂದೆ ಬಳಕೆಯಲ್ಲಿ ಉಳಿಯಲಿಲ್ಲ.

1965ರ ಜೂನ್ 10ರಂದು ಜಾಕ್ಲಿನ್ ಓರಿಯೋಲ್ ಎಂಬ ಫ್ರೆಂಚ್ ಮಹಿಳಾ ಪೈಲಟ್ ಈ ವಿಮಾನವನ್ನು ಸಾವಿರ ಕಿಲೋಮೀಟರ್ ದೂರಕ್ಕೆ ಗಂಟೆಗೆ 859 ಕಿ.ಮೀ. ಸರಾಸರಿಯಲ್ಲಿ ಓಡಿಸಿ ಮಹಿಳೆಯರ ವೇಗದ ದಾಖಲೆ ಮಾಡಿದರು. ಅಮೆರಿಕದಲ್ಲಿ ಅದು ಫಾಲ್ಕನ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಮುಂದಿನ ಪೀಳಿಗೆಗಳಿಗೂ ಆ ಹೆಸರೇ ನಿಂತಿತು.

ಈ ವಿಮಾನದ ಇನ್ನೊಂದು ಬದುಕನ್ನು ವ್ಯಾಪಾರದ ಊರಾದ ದಾವಣಗೆರೆಯಲ್ಲಿ ಹೇಳದೆ ಬಿಡಲಾರೆ. ಫ್ರೆಡ್ ಸ್ಮಿತ್ ಕಟ್ಟಿದ ಫೆಡರಲ್ ಎಕ್ಸ್‌ಪ್ರೆಸ್ ಎಂಬ ಕೊರಿಯರ್ ಕಂಪನಿ 1973ರ ಏಪ್ರಿಲ್ 17ರ ರಾತ್ರಿ ಮೆಂಫಿಸ್‌ನಿಂದ ಕೆಲಸ ಆರಂಭಿಸಿದಾಗ ಅದರ ಬಳಿ ಇದ್ದವು ಹದಿನಾಲ್ಕು ಫಾಲ್ಕನ್ 20 ವಿಮಾನಗಳು. ಆ ರಾತ್ರಿ ಸಾಗಿಸಿದ ಪೊಟ್ಟಣಗಳು 186, ತಲುಪಬೇಕಾದ ನಗರಗಳು 25. ದೊಡ್ಡ ವಿಮಾನಗಳಲ್ಲಿ ಸರಕು ಸಾಗಿಸಲು ಅಂದು ಅಮೆರಿಕದಲ್ಲಿ ಪ್ರತ್ಯೇಕ ಪರವಾನಗಿ ಬೇಕಿತ್ತು. ಹೊರೆ 7,500 ಪೌಂಡ್ ಮೀರದ ಚಿಕ್ಕ ವಿಮಾನಗಳಿಗೆ ಅದರಿಂದ ವಿನಾಯಿತಿ ಇತ್ತು, ಫಾಲ್ಕನ್ ಆ ಮಿತಿಯೊಳಗೆ ಬರುತ್ತಿತ್ತು. ಒಡಲಿಗೆ ಅಗಲವಾದ ಬಾಗಿಲು ಕೊರೆದು, ಕುರ್ಚಿಗಳನ್ನು ಕಿತ್ತು, ಧನಿಕರ ಜೆಟ್ಟನ್ನು ರಾತ್ರಿ ಪಾಳಿಯ ಸರಕು ವಾಹನವನ್ನಾಗಿ ಮಾಡಿದರು. ಕಾನೂನಿನ ಒಂದು ಮಿತಿ ವಿಮಾನವೊಂದರ ಭವಿಷ್ಯವನ್ನು ಇಷ್ಟು ನೇರವಾಗಿ ತಿದ್ದಿದ ಉದಾಹರಣೆಗಳು ಕಡಿಮೆ. ಇದೇ ಮಾದರಿಯ 41 ವಿಮಾನಗಳನ್ನು ಅಮೆರಿಕದ ಕರಾವಳಿ ಕಾವಲು ಪಡೆಯೂ ಸಮುದ್ರದ ಮೇಲಿನ ಕಣ್ಗಾವಲಿಗಾಗಿ ಕೊಂಡಿತು.

1970ರಲ್ಲಿ ಹಾರಿದ ಫಾಲ್ಕನ್ 10 ಇದರ ಪುಟ್ಟ ತಮ್ಮ. ಅದನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ನಿಜವಾದ ತಿರುವು ಇರುವುದು ಮೂರು ಇಂಜಿನ್‌ಗಳ ಫಾಲ್ಕನ್ 50ರಲ್ಲಿ. ಅದು ಮೊದಲು ಹಾರಿದ್ದು 1976ರ ನವೆಂಬರ್ 7ರಂದು.

ಎರಡು ಸಾಕಾಗಿದ್ದಾಗ ಮೂರೇಕೆ? ಸಾಗರದ ನಡುವೆ ಒಂದು ಇಂಜಿನ್ ನಿಂತರೆ ಎರಡಿರುವ ವಿಮಾನ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಮೂರಿರುವುದು ಮೂರನೇ ಒಂದು ಪಾಲನ್ನು ಮಾತ್ರ ಎಂಬುದು ಎಲ್ಲರಿಗೂ ಹೊಳೆಯುವ ಉತ್ತರ. ಹೆಚ್ಚು ಸ್ವಾರಸ್ಯವಿರುವುದು ರನ್‌ವೇಯ ತುದಿಯಲ್ಲಿ. ಮೇಲೇರುವ ಹೊತ್ತಿನಲ್ಲಿ ಒಂದು ಇಂಜಿನ್ ಕೈಕೊಟ್ಟರೂ ವಿಮಾನ ನಿಗದಿತ ಓರೆಯಲ್ಲಿ ಏರುತ್ತಲೇ ಇರಬೇಕೆಂಬುದು ನಿಯಮ. ಚಕ್ರಗಳನ್ನು ಒಳಗೆಳೆದುಕೊಂಡ ನಂತರದ ಹಂತದಲ್ಲಿ ಎರಡು ಇಂಜಿನ್‌ಗಳ ವಿಮಾನಕ್ಕೆ ಇದು ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 2.4 ಮೀಟರ್ ಏರಿಕೆ, ಮೂರರದ್ದಕ್ಕೆ 2.7. ಅಂದರೆ ಎರಡು ಇಂಜಿನ್‌ಗಳ ವಿಮಾನದಲ್ಲಿ ಒಂದೊಂದು ಇಂಜಿನ್ನೂ ಇಡೀ ವಿಮಾನವನ್ನು ಒಂಟಿಯಾಗಿ ಏರಿಸುವಷ್ಟು ದೊಡ್ಡದಾಗಿರಬೇಕು. ಮೂರಿದ್ದರೆ ಆ ಕೆಲಸವನ್ನು ಉಳಿದ ಎರಡು ಹಂಚಿಕೊಳ್ಳುತ್ತವೆ, ಆದ್ದರಿಂದ ಒಟ್ಟು ನೂಕುಬಲ ಕಡಿಮೆಯಿದ್ದರೂ ನಡೆಯುತ್ತದೆ. ಅಂದಿನ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ, ತಲಾ 1,700 ಕೆ.ಜಿ.ಯ ಆಸುಪಾಸಿನ ಮಿತವ್ಯಯದ ಟಿಎಫ್‌ಇ731 ಇಂಜಿನ್‌ಗಳಿಂದಲೇ ಅಟ್ಲಾಂಟಿಕ್ ದಾಟುವ ವಿಮಾನ ಕಟ್ಟಲು ಸಾಧ್ಯವಾದದ್ದು ಈ ಲೆಕ್ಕದಿಂದ. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ನಡುವಿನ ಇಂಜಿನ್ ಬಾಲದೊಳಗೆ ಕುಳಿತಿರುತ್ತದೆ. ಅದಕ್ಕೆ ಬೇಕಾದ ಗಾಳಿ ಒಡಲಿನ ಮೇಲಿನ ಬಾಯಿಯಿಂದ ಹೊಕ್ಕು, ಎರಡು ಸಲ ಬಾಗಿದ ಕೊಳವೆಯಲ್ಲಿ ಇಳಿದು ಬರಬೇಕು. ಪ್ರತಿ ಬಾಗಿನಲ್ಲೂ ಸ್ವಲ್ಪ ಒತ್ತಡ ನಷ್ಟವಾಗುತ್ತದೆ. ದುರಸ್ತಿಗೆ ಬಂದ ಮೆಕ್ಯಾನಿಕ್‌ಗೂ ಅದು ಪಕ್ಕದ ಇಂಜಿನ್‌ಗಳಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ.

ಫಾಲ್ಕನ್ 50ರ ರೆಕ್ಕೆಗೂ ಇಷ್ಟೇ ಗಮನ ಕೊಡಬೇಕು. ಶಬ್ದವೇಗದ ಸಮೀಪಕ್ಕೆ ಬಂದಾಗ, ವಿಮಾನ ಶಬ್ದವೇಗ ಮೀರದಿದ್ದರೂ ರೆಕ್ಕೆಯ ಉಬ್ಬಿದ ಮೇಲ್ಮೈ ಮೇಲೆ ಹರಿಯುವ ಗಾಳಿ ಅದನ್ನು ಮೀರುತ್ತದೆ. ಅಲ್ಲಿ ಆಘಾತ ತರಂಗ ಏಳುತ್ತದೆ, ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ಎಳೆತ ಏಕಾಏಕಿ ಹೆಚ್ಚುತ್ತದೆ. ಮೇಲ್ಮೈಯನ್ನು ಚಪ್ಪಟೆಗೊಳಿಸಿ, ಹಿಂಬದಿಯ ಅಂಚನ್ನು ಕೆಳಮುಖವಾಗಿ ಬಾಗಿಸಿದರೆ ಆ ತರಂಗ ದುರ್ಬಲವಾಗುತ್ತದೆ ಎಂದು 1960ರ ದಶಕದಲ್ಲಿ ನಾಸಾದ ರಿಚರ್ಡ್ ವಿಟ್‌ಕಾಂಬ್ ತೋರಿಸಿದ್ದರು. ಸೂಪರ್‌ಕ್ರಿಟಿಕಲ್ ರೆಕ್ಕೆ ಎಂದರೆ ಇದೇ. ಫಾಲ್ಕನ್ 50ರ ಮೊದಲ ಮಾದರಿ ಫಾಲ್ಕನ್ 20ರ ರೆಕ್ಕೆಯ ಮೇಲೆಯೇ ಹಾರಿತ್ತು. ಆಮೇಲೆ ದಸ್ಸೋ ಅದನ್ನು ಬದಿಗಿಟ್ಟು ತಾನೇ ರೂಪಿಸಿದ ಸೂಪರ್‌ಕ್ರಿಟಿಕಲ್ ರೆಕ್ಕೆಯನ್ನು ಅಳವಡಿಸಿತು. ಹಾರಿ ತೋರಿಸಿದ ವಿಮಾನದ ರೆಕ್ಕೆಯನ್ನೇ ಬದಲಿಸುವುದು ಲೆಕ್ಕಪತ್ರ ನೋಡುವವರಿಗೆ ಹಿಡಿಸುವ ಮಾತಲ್ಲ. ಆದರೆ ಇದರಿಂದ ದೊರೆತ ಲಾಭ ವೇಗವೊಂದೇ ಅಲ್ಲ. ಈ ಆಕಾರದ ರೆಕ್ಕೆ ಅದೇ ಎಳೆತಕ್ಕೆ ಹೆಚ್ಚು ದಪ್ಪವಾಗಿರಬಹುದು. ದಪ್ಪವಾದ ರೆಕ್ಕೆಯ ಚೌಕಟ್ಟು ಹಗುರ, ಅದರೊಳಗೆ ಹಿಡಿಸುವ ಇಂಧನವೂ ಹೆಚ್ಚು. ದೂರ ಹಾರುವುದು, ಚಿಕ್ಕ ರನ್‌ವೇಯಲ್ಲಿ ಇಳಿಯುವುದು ಇವೆರಡರ ಜಗಳದಲ್ಲಿ ಎರಡೂ ಕಡೆಯವರಿಗೆ ಏನಾದರೂ ದಕ್ಕಿದ್ದು ಇಲ್ಲಿಯೇ. ಇಡೀ ಫಾಲ್ಕನ್ ಸಾಲಿನಲ್ಲಿ ಅತಿ ಮುಖ್ಯವಾದ ನಿರ್ಧಾರ ಯಾವುದೆಂದು ಕೇಳಿದರೆ ನಾನು ಹೆಸರಿಸುವುದು ಈ ರೆಕ್ಕೆಯನ್ನು, ಮೂರನೆಯ ಇಂಜಿನ್ನನ್ನಲ್ಲ.

ಮುಂದಿನ ಎರಡು ವಿಮಾನಗಳು ಅಣ್ಣತಮ್ಮಂದಿರು. 1984ರಲ್ಲಿ ಹಾರಿದ ಫಾಲ್ಕನ್ 900ಕ್ಕೆ ಹೊಸದಾದ ಅಗಲ ಒಡಲು, ಮೂರು ಇಂಜಿನ್. 1993ರಲ್ಲಿ ಹಾರಿದ ಫಾಲ್ಕನ್ 2000ಕ್ಕೆ ಅದೇ ಅಡ್ಡಳತೆಯ ಒಡಲು, ಆದರೆ ಇಂಜಿನ್ ಎರಡೇ, ಹಾರುವ ದೂರವೂ ಕಡಿಮೆ. ಈ ಎರಡನೆಯದರಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ ಒಂದು ಬದಲಾವಣೆ ತಡವಾಗಿ ಬಂತು. ಹಿಂದಿನ ಆವೃತ್ತಿಗಳಲ್ಲಿ ರೆಕ್ಕೆಯ ಹೊರಭಾಗಕ್ಕೆ ಮಾತ್ರ ಇದ್ದ ಸ್ಲ್ಯಾಟುಗಳನ್ನು 2000ಎಸ್ ಮತ್ತು ಎಲ್‌ಎಕ್ಸ್‌ಎಸ್ ಆವೃತ್ತಿಗಳಲ್ಲಿ ಒಡಲಿನವರೆಗೂ ವಿಸ್ತರಿಸಿದರು. ನೋಡಲು ಅಷ್ಟೇನೂ ದೊಡ್ಡದಲ್ಲದ ಈ ಸೇರ್ಪಡೆಯಿಂದ ಇಳಿಯುವ ವೇಗವೂ ಬೇಕಾಗುವ ರನ್‌ವೇಯ ಉದ್ದವೂ ಇಳಿದವು.

ಇನ್ನು 7ಎಕ್ಸ್. 2005ರ ಮೇ 5ರಂದು ಹಾರಿ, 2007ರಲ್ಲಿ ಮಾನ್ಯತೆ ಪಡೆದ ಈ ವಿಮಾನ, ಫ್ಲೈ-ಬೈ-ವೈರ್ ಪದ್ಧತಿಯ ಮೊದಲ ಬಿಸಿನೆಸ್ ಜೆಟ್. ಹಳೆಯ ವಿಮಾನಗಳಲ್ಲಿ ಪೈಲಟ್ ಹಿಡಿಯನ್ನು ಎಳೆದರೆ ಆ ಎಳೆತ ಸರಳು ಮತ್ತು ಕೇಬಲ್‌ಗಳ ಮೂಲಕ ಬಾಲದ ಫಲಕಗಳ ಕಡೆಗೆ ಸಾಗುತ್ತಿತ್ತು. ಇಲ್ಲಿ ಆ ಹಿಡಿ ಕಂಪ್ಯೂಟರಿಗೆ ಪೈಲಟ್‌ನ ಇಂಗಿತವನ್ನು ತಿಳಿಸುತ್ತದೆ. ಫಲಕಗಳನ್ನು ಎಷ್ಟು ತಿರುಗಿಸಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ವಿಮಾನ ತನ್ನ ಸಾಮರ್ಥ್ಯದ ಮಿತಿ ದಾಟದಂತೆಯೂ ನೋಡಿಕೊಳ್ಳುತ್ತದೆ. ಮಿರಾಜ್ ಮತ್ತು ರಫೇಲ್‌ಗಳಲ್ಲಿ ದಸ್ಸೋ ಪಳಗಿಸಿಕೊಂಡಿದ್ದ ವಿದ್ಯೆ ಇದು. ವಿನ್ಯಾಸವೂ ಕಾಗದದ ಮೇಲೆ ನಡೆಯಲಿಲ್ಲ. ಅದೇ ಬಳಗದ ಕಂಪನಿ ಬೆಳೆಸಿದ, ನಿಮ್ಮ ಲ್ಯಾಬಿನಲ್ಲಿ ನೀವೂ ಕೈಯಾಡಿಸುವ ಕಾಟಿಯಾ ತಂತ್ರಾಂಶದಲ್ಲಿ ನಡೆಯಿತು.

ಗಣಕದ ಕೈಗೆ ಚುಕ್ಕಾಣಿ ಕೊಟ್ಟಾಗ ಏನಾಗಬಹುದೆಂಬುದಕ್ಕೂ ಇದೇ ವಿಮಾನ ಸಾಕ್ಷಿ. 2011ರ ಮೇ ತಿಂಗಳಲ್ಲಿ ಪ್ರಯಾಣಿಕರಿಲ್ಲದ ಒಂದು 7ಎಕ್ಸ್ ಕೌಲಾಲಂಪುರದತ್ತ ಇಳಿಯುತ್ತಿತ್ತು. ಸುಮಾರು 13,000 ಅಡಿ ಎತ್ತರದಲ್ಲಿದ್ದಾಗ ಅದರ ಬಾಲದ ಅಡ್ಡರೆಕ್ಕೆ ತನ್ನಷ್ಟಕ್ಕೆ ತಿರುಗತೊಡಗಿ ಮೂತಿ ಮೇಲೇಳಿತು. ಪೈಲಟ್‌ಗಳು ಹಿಡಿಯನ್ನು ಮುಂದಕ್ಕೆ ಒತ್ತಿದರೂ ಪ್ರಯೋಜನವಾಗಲಿಲ್ಲ. ಮೂತಿ ನಲವತ್ತು ಡಿಗ್ರಿ ದಾಟಿತು, ವೇಗ ಕುಸಿಯತೊಡಗಿತು. ಇಬ್ಬರಲ್ಲೊಬ್ಬರು ಆಗ ವಿಮಾನವನ್ನು ಮಗ್ಗುಲಿಗೆ ವಾಲಿಸಿದರು. ಹಾಗೆ ವಾಲಿದಾಗ ಬಾಲದ ಆ ತಳ್ಳಾಟ ಮೂತಿಯನ್ನು ಆಕಾಶಕ್ಕೆತ್ತುವ ಬದಲು ವಿಮಾನವನ್ನು ಸುತ್ತ ತಿರುಗಿಸುತ್ತದೆ, ಮೂತಿ ಕ್ಷಿತಿಜದ ಕಡೆಗೆ ಇಳಿಯುತ್ತದೆ. ಎರಡೂವರೆ ನಿಮಿಷಗಳ ಈ ಸೆಣಸಾಟದಲ್ಲಿ ವಿಮಾನ ಸುಮಾರು 22,500 ಅಡಿಯವರೆಗೂ ಏರಿಬಿಟ್ಟಿತ್ತು. ಕೊನೆಗೆ ಹತೋಟಿಗೆ ಬಂದು ಕ್ಷೇಮವಾಗಿ ಇಳಿಯಿತು. ಜಗತ್ತಿನ ಎಲ್ಲ 7ಎಕ್ಸ್‌ಗಳ ಹಾರಾಟವನ್ನು ಕೂಡಲೇ ನಿಲ್ಲಿಸಲಾಯಿತು. ತನಿಖೆಯಲ್ಲಿ ಸಿಕ್ಕಿದ ಕಾರಣ, ಅಡ್ಡರೆಕ್ಕೆಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಳಗಿನ ಒಂದು ಪಿನ್ನಿನ ಬೆಸುಗೆಯ ದೋಷ. ತಪ್ಪು ಬೆಸುಗೆಯದಾದರೂ, ಅಂಥ ಒಂದು ತಪ್ಪು ಇಷ್ಟು ದೂರ ಹೋಗಲು ಬಿಟ್ಟದ್ದು ವಿನ್ಯಾಸ ಎಂದೇ ನಾನು ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ವಿಭಾಗದ ವಿದ್ಯಾರ್ಥಿಗಳು ಆ ತನಿಖಾ ವರದಿಯನ್ನು ಪಠ್ಯದಂತೆ ಓದಬೇಕು.

ಇದೇ ಒಡಲನ್ನು ಉದ್ದಗೊಳಿಸಿ ಸುಮಾರು 12,000 ಕಿ.ಮೀ. ಹಾರುವಂತೆ ಮಾಡಿದ್ದು 2015ರ 8ಎಕ್ಸ್. ಅದರ ಮುಂದಿನ ಹೆಜ್ಜೆ ಎಡವಿತು. 2013ರಲ್ಲಿ ಘೋಷಿಸಿದ 5ಎಕ್ಸ್‌ಗೆಂದು ಆರಿಸಿಕೊಂಡ ಸಿಲ್ವರ್‌ಕ್ರೆಸ್ಟ್ ಎಂಬ ಹೊಸ ಇಂಜಿನ್ ವರ್ಷಗಟ್ಟಲೆ ತಡವಾಯಿತು. 2017ರ ಜುಲೈಯಲ್ಲಿ ವಿಮಾನ ಹಾರಿತಾದರೂ ಅದೇ ಡಿಸೆಂಬರ್‌ನಲ್ಲಿ ದಸ್ಸೋ ಯೋಜನೆಯನ್ನೇ ಕೈಬಿಟ್ಟಿತು. ಆ ಕೆಲಸ ವ್ಯರ್ಥವಾಗಲು ಬಿಡದೆ ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್‌ಗಳನ್ನು ಜೋಡಿಸಿ, ಒಡಲನ್ನು ತಿದ್ದಿ 6ಎಕ್ಸ್ ಎಂದು ಹೊರತಂದರು. ಅದು 2021ರ ಮಾರ್ಚ್ 10ರಂದು ಹಾರಿ 2023ರಲ್ಲಿ ಸೇವೆಗೆ ಬಂತು. ರೆಕ್ಕೆಯನ್ನು ತಾವೇ ರೂಪಿಸುವವರೂ ಇಂಜಿನ್ನಿಗೆ ಇನ್ನೊಬ್ಬರ ಬಾಗಿಲು ಕಾಯಬೇಕು. ನಮ್ಮ ತೇಜಸ್‌ನ ಕಥೆ ಬಲ್ಲವರಿಗೆ ಇದು ಹೊಸದಾಗಿ ಕೇಳಿಸಲಾರದು.

ಭಾರತದ ಮಟ್ಟಿಗೆ ಒಂದು ಸುದ್ದಿಯಿದೆ. ದಸ್ಸೋ ಮತ್ತು ರಿಲಯನ್ಸ್ ಜೊತೆಗೂಡಿ ನಾಗಪುರದಲ್ಲಿ ನಡೆಸುತ್ತಿರುವ ಕಾರ್ಖಾನೆ ಈಗಾಗಲೇ ಫಾಲ್ಕನ್ 2000ದ ಮೂತಿಯ ಭಾಗವನ್ನು ತಯಾರಿಸುತ್ತಿದೆ. ಇಡೀ 2000 ಎಲ್‌ಎಕ್ಸ್‌ಎಸ್ ವಿಮಾನವನ್ನು ಅಲ್ಲಿಯೇ ಜೋಡಿಸುವುದಾಗಿ 2025ರ ಜೂನ್‌ನಲ್ಲಿ ಘೋಷಿಸಲಾಯಿತು. ಮೊದಲ ವಿಮಾನ 2028ರೊಳಗೆ ಹಾರಬೇಕೆಂಬುದು ಗುರಿ. ಫ್ರಾನ್ಸಿನ ಹೊರಗೆ ಫಾಲ್ಕನ್ ಪೂರ್ತಿಯಾಗಿ ಜೋಡಣೆಯಾಗುವುದು ಇದೇ ಮೊದಲು. ಜೋಡಣೆ ಬೇರೆ, ವಿನ್ಯಾಸ ಬೇರೆ ಎಂಬ ಎಚ್ಚರ ನಮಗಿರಬೇಕು. ಆದರೂ ಇಲ್ಲಿಂದ ಹೊರಡುವ ಹುಡುಗ ಹುಡುಗಿಯರಿಗೆ ರಿವೆಟ್ಟು, ಸೀಲಂಟು, ಅಳತೆಯ ಸೂಕ್ಷ್ಮಗಳನ್ನು ಕೈಯಾರೆ ಕಲಿಯುವ ಜಾಗವೊಂದು ಒಂದು ರಾತ್ರಿಯ ರೈಲಿನ ದೂರಕ್ಕೆ ಬಂದಂತಾಯಿತು ಎನ್ನಲಾರೆ, ನಾಗಪುರ ಅದಕ್ಕಿಂತ ದೂರ, ಬೋರ್ಡೋಗಿಂತಂತೂ ಹತ್ತಿರ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಮೂರು ಇಂಜಿನ್ ಅಷ್ಟು ಒಳ್ಳೆಯದಾಗಿದ್ದರೆ 6ಎಕ್ಸ್‌ನಲ್ಲಿ ಎರಡೇ ಏಕೆ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. 1970ರ ದಶಕದಲ್ಲಿ ಮೂರನ್ನು ಆರಿಸಿಕೊಂಡದ್ದು ಬೇಕಾದಷ್ಟು ದೊಡ್ಡದೂ ನಂಬಿಕೆಗೆ ಅರ್ಹವೂ ಆದ ಚಿಕ್ಕ ವಿಮಾನದ ಇಂಜಿನ್ ಸಿಗದ ಕಾಲದಲ್ಲಿ. ಈಗ ಇಂಜಿನ್ ಹಾರಾಟದ ನಡುವೆ ನಿಲ್ಲುವುದು ಬಹಳ ಅಪರೂಪ, ಮೂರನೆಯದರ ದುರಸ್ತಿ ಖರ್ಚು ಮಾತ್ರ ಹಾಗೆಯೇ ಇದೆ. 2021ರಲ್ಲಿ ಘೋಷಿಸಿದ, ಸುಮಾರು 13,900 ಕಿ.ಮೀ. ಹಾರುವ ಉದ್ದೇಶದ 10ಎಕ್ಸ್‌ಗೆ ಗೊತ್ತುಮಾಡಿರುವ ರೋಲ್ಸ್-ರಾಯ್ಸ್ ಪರ್ಲ್ ಇಂಜಿನ್ನಿನ ನೂಕುಬಲ ತಲಾ 8,000 ಕೆ.ಜಿ.ಗೂ ಹೆಚ್ಚು, ಫಾಲ್ಕನ್ 50ರ ಮೂರೂ ಇಂಜಿನ್‌ಗಳನ್ನು ಕೂಡಿದರೂ ಅಂಥ ಒಂದಕ್ಕೆ ಸಮವಾಗುವುದಿಲ್ಲ. ಮೂರರ ಪರವಾದ ವಾದ ಇನ್ನೂ ಸ್ವಲ್ಪ ಉಳಿದಿರುವುದು ಚಿಕ್ಕ ರನ್‌ವೇಯಿಂದ ತುಂಬು ಇಂಧನದೊಂದಿಗೆ ಏಳುವ ಸಂದರ್ಭದಲ್ಲಿ. 8ಎಕ್ಸ್ ಅನ್ನು ಕೊಳ್ಳುವವರು ಕೊಳ್ಳುವುದು ಅದಕ್ಕಾಗಿ.